ಭಿಶಿ ರೊಕ್ಕ, ಸ್ವಿಫ್ಟ್ ಗಾಡಿ ಮತ್ತ ಹಿಂದಿನ ಸೀಟು

ಗಾಡಿ ವಿಷಯ ಬಂತಂದ್ರ ನಮ್ಮ ಮನಿಗೋಳೊಳಗ ಹೆಣ್ಮಕ್ಕಳಿಗೆ ಎರಡ ಪ್ರಶ್ನಿ ಕೇಳ್ತಾರ. ಬಣ್ಣ ಯಾವ್ದು ಇರಲಿ, ಪೂಜಿ ಯಾವಾಗ ಮಾಡೂಣು. ಉಳದದ್ದೆಲ್ಲಾ ಗಂಡಸರ ಮಾತು. ಆದ್ರ ಈ ಸಲದ ಭಿಶಿ ನನ್ನ ಹೆಸರಿಗೆ ಎದ್ದೈತಿ, 40,000 ರೂಪಾಯಿ. ಆ ರೊಕ್ಕದ ಮ್ಯಾಲ ನಮ್ಮ ಮಗನ ಕಣ್ಣು ಬಿದ್ದೈತಿ, ನಮ್ಮ ಸ್ವಿಫ್ಟ್ ಗಾಡಿ ಶೃಂಗಾರ ಮಾಡಾಕ. ಅದಕ್ಕ ಅಕ್ಕಾಗೋಳ, ವೈನಿಗೋಳ, ಇವತ್ತ ಅಡಿಗಿ ಮಾತ ಬಿಟ್ಟು ಗಾಡಿ ಮಾತ ಬರಿಯಾಕತ್ತೀನಿ. ನಿಮ್ಮ ಮನಿಯಾಗೂ ಇಂಥಾ ಒಬ್ಬ ಇದ್ದ ಇರ್ತಾನ.

ಅವನ ಪಟ್ಟಿ ಕಿರಾಣಿ ಚೀಟಿ ಹಂಗ ಉದ್ದ ಐತಿ. ಗುಡುಗೂ ಸೈಲೆನ್ಸರ್. ಗಾಡಿ ನೆಲಕ್ಕ ಕೂಡ್ರಸೂ ಸಣ್ಣ ಸ್ಪ್ರಿಂಗು. ಅಗಲನ್ನ 16 ಇಂಚಿನ ಗಾಲಿ. ನೀಲಿ-ಬಿಳಿ ಲೈಟು. ಕಾಚಿಗೆ ಕರೀ ಫಿಲ್ಮು. ಕಡೀಕ ಹಿಂದ ‘ಸ್ಪೋರ್ಟ್’ ಅಂತ ಒಂದು ಸ್ಟಿಕ್ಕರು. ಸ್ಟಿಕ್ಕರಿಗೆ ನನ್ನ ತಕರಾರಿಲ್ಲ. ಉಳದದ್ದಕ್ಕ ಐತಿ.

ಮೊದಲ ಒಂದ ಮಾತ ಹೇಳ್ತೀನಿ, ಈ ಗಾಡಿ ಮ್ಯಾಲ ನನಗ ಸಿಟ್ಟಿಲ್ಲ, ಭಾಳ ಪ್ರೀತಿ ಐತಿ. ನಮ್ಮದು 2018ರ ಪೆಟ್ರೋಲ್ ವಿಎಕ್ಸ್‌ಐ, ಎರಡನೇ ಮಾಲಕರು ನಾವು. ನಂದಗಡದಿಂದ ಖಾನಾಪುರಕ್ಕ, ಅಲ್ಲಿಂದ ಬೆಳಗಾವಿಗೆ ವಾರಕ್ಕ ಒಂದೆರಡ ಸಲ ನಾನ ಹೊಡಕೊಂಡು ಹೋಗ್ತೀನಿ. ಸ್ವಿಫ್ಟ್ ನಮ್ಮ ದೇಶಕ್ಕ ಬಂದಿದ್ದು 2005ರಾಗ. ಅಲ್ಲೀತನಕ ಸಣ್ಣ ಗಾಡಿ ಅಂದ್ರ ಮನಿಮಂದಿ ಹೊತ್ತು ಹೋಗೂದು, ಪೆಟ್ರೋಲ ಉಳಸೂದು, ಅಷ್ಟ. ಹೊಡಿಯೋರಿಗೂ ಒಂದೀಟ ಖುಷಿ ಆಗಬೇಕಂತ ನಮ್ಮಂಥೋರ ಕೈಗೆ ಎಟಕೂ ರೇಟಿನಾಗ ಬಂದ ಗಾಡಿ ಇದು. ನಮ್ಮ ಮಾದರಿದು 1.2 ಲೀಟರಿನ ಇಂಜನ್ನು, 83 ಪಿಎಸ್ ಶಕ್ತಿ. ಗಾಡಿ ತೂಕ 900 ಕಿಲೋ ಒಳಗ ಐತಿ, ಅದಕ್ಕ ಆ ಶಕ್ತಿ ಸಾಕೋ ಸಾಕು. ಜಾಂಬೋಟಿ ದಾಟಿ ಕಣಕುಂಬಿ ಕಡೆ ಏರಿಕಿಯೊಳಗ ಎರಡನೇ ಗೇರಿಗೆ ಹಾಕಿದ್ರ ಬೈಗಳ ತಿಂದ ಕರದಂಗ ಓಡತೈತಿ. ಸ್ಟೇರಿಂಗ್ ಹಗುರ, ಸಣ್ಣ ಓಣಿಯಾಗ ತಿರಗತೈತಿ. ಕಂಪನಿಯವರು ಲೀಟರಿಗೆ 22 ಕಿಲೋಮೀಟರ ಅಂತಾರ, ನನಗ 17-18 ಕೊಡತೈತಿ, ನಮ್ಮ ರಸ್ತಾಕ್ಕ ಅದು ಛಲೋನ ಅಂತೀನಿ.

ಆದ್ರ ಇದೆಲ್ಲಾ ಮುಂದ ಕುಂತೋರ ಮಾತಾತು. ನಮ್ಮ ಮನಿಯಾಗ ಮುಂದ ಕೂಡ್ರೋರು ಇಬ್ಬರು, ಹಿಂದ ಮೂರು ಮಂದಿ. ಆ ಮೂರರಾಗ ಅತ್ತಿಯವರು ಒಬ್ರು ಯಾವಾಗ್ಲೂ ಇರ್ತಾರ. ಗಾಡಿ ಹೆಂಗ ಐತಿ ಅಂತ ಅವರನ್ನ ಯಾರೂ ಕೇಳಿಲ್ಲ. ನಾ ಕೇಳೀನಿ. “ಹೊರಗಿಂದೇನೂ ಕಾಣಂಗಿಲ್ಲವಾ, ಬಾವ್ಯಾಗ ಕುಂತಂಗ ಆಕ್ಕೈತಿ,” ಅಂದ್ರು. ಖರೇ ಐತಿ. ಹಿಂದಿನ ಕಿಡಕಿ ಹಿಂದ ಹೋದಂಗ ಮ್ಯಾಲ ಏರತೈತಿ, ನೋಡಾಕ ಚೂಪ ಕಾಣ್ತೈತಿ, ಒಳಗ ಕುಂತೋರಿಗೆ ಕತ್ತಲ. ಸೀಟು ತಗ್ಗಿನಾಗ ಐತಿ, ಮೊಣಕಾಲ ನೋವಿದ್ದೋರು ಇಳಿಯೂವಾಗ ಒಂದ ಸಲ ದೇವರ ಹೆಸರ ತಗೋತಾರ. ಇದಕ್ಕೊಂದು ಉಪಾಯ ಐತಿ. ಮೊದಲ ಬೆನ್ನ ಮಾಡಿ ಸೀಟಿನ ಮ್ಯಾಲ ಕುಂತು, ಆಮ್ಯಾಲ ಎರಡೂ ಕಾಲ ಒಳಗ ತಗೋಬೇಕು. ಇಳಿಯೂವಾಗೂ ಎರಡೂ ಕಾಲ ಹೊರಗ ಇಟ್ಟು ಆಮ್ಯಾಲ ಏಳಬೇಕು. ಅತ್ತಿಯವರಿಗೆ ಈಗ ರೂಢಿ ಆಗೇತಿ.

ಹಿಂದಿನ ಬಾಗಲದ ಹಿಡಿಕಿ ವಿಷಯಾನೂ ಹಂಗ. 2018ರ ಮಾದರಿಯೊಳಗ ಆ ಹಿಡಿಕಿ ಕಿಡಕಿ ಬಾಜೂಕ ಮ್ಯಾಲ ಮುಚ್ಚಿಟ್ಟಾರ, ಎರಡ ಬಾಗಲದ ಸ್ಪೋರ್ಟ್ಸ್ ಗಾಡಿ ಹಂಗ ಕಾಣಲಿ ಅಂತ. ಹೊಸದಾಗಿ ಬಂದ ಬೀಗರು ಹುಡಕತಾ ನಿಲ್ತಾರ, ಸಣ್ಣ ಹುಡುಗೂರಿಗೆ ಎಟಕಂಗಿಲ್ಲ. 2024ರಾಗ ಬಂದ ಹೊಸಾ ಸ್ವಿಫ್ಟಿನೊಳಗ ಅದನ್ನ ಮತ್ತ ಬಾಗಲದ ಮ್ಯಾಲ, ಇರಬೇಕಾದ ಜಾಗಾದಾಗ ಇಟ್ಟಾರ. ಯಾರೋ ಹಿಂದ ಕೂಡ್ರೋರ ಮಾತ ಕೇಳಿರಬೇಕು ಅಂತ ನನ್ನ ಅನುಮಾನ. ಡಿಕ್ಕಿ 268 ಲೀಟರ್, ನಾಕ ಮಂದಿ ಬಟ್ಟಿ ಚೀಲ ಹಿಡಿತಾವು. ಆದ್ರ ಅದರ ಹೊಸ್ತಿಲ ಎತ್ತರ, ಅಕ್ಕಿ ಚೀಲ ಎತ್ತಿ ಇಡೂವಾಗ ಸೊಂಟ ಹಿಡಿತೈತಿ. ಅಕ್ಕಿ ಬೆಳಿಯೂ ತಾಲೂಕಿನಾಗ ಇದು ಸಣ್ಣ ಮಾತಲ್ಲ.

ಈಗ ಮಗನ ಪಟ್ಟಿಗೆ ಬರೂಣು.

ಸ್ಪ್ರಿಂಗು ನೋಡ್ರಿ. ಗಾಡಿ ಹೊಟ್ಟಿಗೂ ನೆಲಕ್ಕೂ ನಡುವ 163 ಮಿಲಿಮೀಟರ ಜಾಗ ಬಿಟ್ಟಾರ. ನಿಮ್ಮ ಕೈ ಗೇಣಿಗಿಂತ ಕಡಿಮಿ. ಅವ ಹಾಕಬೇಕಂದ ಸ್ಪ್ರಿಂಗು 40 ಮಿಲಿಮೀಟರ ಇಳಸತೈತಿ. ಉಳಿಯೂದು 123. ಅದರ ಮ್ಯಾಲ ಐದ ಮಂದಿ ಕುಂತು, ಡಿಕ್ಕಿಯೊಳಗ ಒಂದು ಚೀಲ ಇಟ್ಟ್ರ ಇನ್ನೂ ಕುಸಿತೈತಿ. ಮಳಿಗಾಲ ಮುಗದಮ್ಯಾಲ ನಮ್ಮ ತಾಲೂಕಿನ ರಸ್ತಾ ಯಾವ ಅವತಾರದಾಗ ಇರ್ತಾವು ಅನ್ನೂದು ನಿಮಗ ನಾ ಹೇಳಬೇಕಾಗಿಲ್ಲ. ತಗ್ಗು-ದಿನ್ನಿ ಬಿಡ್ರಿ, ಓಣಿ ಹಂಪಿಗೇ ಹೊಟ್ಟಿ ಕೆರಿತೈತಿ.

ಗಾಲಿ ಲೆಕ್ಕ ಇನ್ನೂ ಸೋಜಿಗ. ಟೈರಿನ ಮ್ಯಾಲ 165/80 ಆರ್14 ಅಂತ ಬರದಿರ್ತೈತಿ. 165 ಅಂದ್ರ ಟೈರಿನ ಅಗಲ, ಮಿಲಿಮೀಟರಿನಾಗ. 80 ಅಂದ್ರ ಆ ಅಗಲದ ನೂರಕ್ಕ 80ರಷ್ಟು ರಬ್ಬರಿನ ಗ್ವಾಡಿ ಎತ್ತರ. 14 ಅಂದ್ರ ರಿಮ್ಮು, ಇಂಚಿನಾಗ. ಗುಣಿಸಿ ನೋಡ್ರಿ, 132 ಮಿಲಿಮೀಟರ ಗ್ವಾಡಿ. ಆ ಗ್ವಾಡಿನ ನಮ್ಮ ಗಾದಿ, ತಗ್ಗಿನ ಹೊಡತ ಮೊದಲ ತಿನ್ನೂದು ಅದು. ಮ್ಯಾಲಿನ ಮಾದರಿಗೆ ಕಂಪನಿಯವರ 185/65 ಆರ್15 ಕೊಟ್ಟಾರ, ಗ್ವಾಡಿ 120, ಅಡ್ಡಿಯಿಲ್ಲ. ನಮ್ಮ ಮಗ ತೋರಿಸಿದ್ದು 205/50 ಆರ್16, ಗ್ವಾಡಿ 102ಕ್ಕ ಬಂತು. ಗಾದಿ ತಗದು ಚಾಪಿ ಹಾಸಿದಂಗ. ರಿಮ್ಮು ಮಿಂಚತೈತಿ ಖರೇ, ಹಿಂದ ಕುಂತ ಅತ್ತಿಯವರ ಬೆನ್ನಿಗೆ ಮಿಂಚ ಹೊಡಿತೈತಿ.

ಸೈಲೆನ್ಸರ್ ಬಗ್ಗೆ ನಾ ಹೆಚ್ಚ ಬರಿಯಂಗಿಲ್ಲ. ಓಣಿಯಾಗ ಹಸುಗೂಸ ಮಲಗಿರ್ತಾವು, ಬಿಪಿ ಇದ್ದ ಹಿರಿಯರು ಇರ್ತಾರ. ಅಷ್ಟಕ್ಕೂ ಕೇಳದಿದ್ರ ಕಾಯ್ದೆ ಐತಿ. ಮೋಟಾರ ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಮೂಲ ರೂಪ ನಮ್ಮ ಮನಸಿಗೆ ಬಂದಂಗ ಬದಲಿ ಮಾಡಂಗಿಲ್ಲ. 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನ ಹೇಳೇತಿ. ತಪ್ಪಿದ್ರ 182ಎ ಕಲಮಿನ ಕೆಳಗ ಒಂದೊಂದು ಬದಲಾವಣಿಗೆ 5,000 ರೂಪಾಯಿತನಕ ದಂಡ, ಇಲ್ಲಾ ಆರು ತಿಂಗಳತನಕ ಜೈಲು. ಪಟ್ಟಿಯಾಗ ಎಷ್ಟು ಕಲಂ ಅದಾವು, ಗುಣಿಸಿಕೋ ಅಂತ ಮಗನಿಗೆ ಹೇಳಿದೆ. ವಿಮಾದವರೂ ಅಷ್ಟ, ತಿಳಸದ ಮಾಡಿದ ಬದಲಾವಣಿ ಸಿಕ್ತಂದ್ರ ಕ್ಲೇಮಿನ ಹೊತ್ತಿಗೆ ತಕರಾರ ತಗಿತಾರ.

ಕರೀ ಫಿಲ್ಮಿನ ವಿಷಯದಾಗ ಮಾತ್ರ ನಮ್ಮ ಕೆಲವು ಹೆಣ್ಮಕ್ಕಳು ಹುಡುಗೂರ ಕಡೆ ಅದಾರ. ಬಿಸಲ ಬಡಿತೈತಿ, ಮಂದಿ ಹಣಿಕಿ ಹಾಕ್ತಾರ ಅಂತಾರ. 2012ರಾಗ ಸುಪ್ರೀಂ ಕೋರ್ಟು ಕರೀ ಫಿಲ್ಮು ತಗಸಿದ್ದು ಗಾಡಿ ಒಳಗ ಏನ ನಡದೈತಿ ಅನ್ನೂದು ಹೊರಗ ಕಾಣಬೇಕಂತ. ಮುಂದಿನ-ಹಿಂದಿನ ಕಾಚಿನ್ಯಾಗ ನೂರಕ್ಕ 70, ಬಾಜೂಕಿನ ಕಾಚಿನ್ಯಾಗ 50ರಷ್ಟು ಬೆಳಕ ಹಾದು ಬರಬೇಕಂತ ನಿಯಮ ಐತಿ. ಒಬ್ಬಾಕಿ ಹೆಣ್ಮಗಳು ಗಾಡಿಯಾಗ ಕುಂತಿದ್ರ ಕಾಣೂದ ಆಕಿಗೆ ರಕ್ಷಣಿ ಅಂತೀನಿ ನಾನು. ಮೊದಲ ಹಿಂದ ಕತ್ತಲ ಇರೂ ಗಾಡಿ, ಅದಕ್ಕ ಕರೀದು ಬಳದ್ರ ರಾತ್ರಿ ರಿವರ್ಸ್ ಹೆಂಗ ತಗೋತೀರಿ?

ಲೈಟೂ ಹಂಗ. ಕಂಪನಿ ಬಲ್ಬು 60/55 ವ್ಯಾಟಿಂದು. ಅದರ ಜಾಗಾದಾಗ 100/90ರ ಬಲ್ಬು ಹಾಕಿದ್ರ ವಾಯರ್ ಕಾಯ್ತಾವು. ಎಲ್‌ಇಡಿ ತುರಕಿದ್ರ ಬೆಳಕ ರಸ್ತಾ ಬಿಟ್ಟು ಎದರಿಗೆ ಬರೋರ ಕಣ್ಣಾಗ ಹೋಗ್ತೈತಿ, ಯಾಕಂದ್ರ ಒಳಗಿನ ಬಟ್ಲು ಆ ಬಲ್ಬಿಗಂತ ಮಾಡಿದ್ದಲ್ಲ. ಜುಲೈ ತಿಂಗಳ ಮಳಿಯೊಳಗ ಬಿಳೀ ಬೆಳಕು ನೀರಿನ ಮ್ಯಾಲ ಬಿದ್ದು ನಮ್ಮ ಮಾರಿಗೇ ತಿರಗಿ ಬರತೈತಿ.

ಇನ್ನ ‘ಸ್ಪೋರ್ಟ್’ ಸ್ಟಿಕ್ಕರು. ಸ್ವಿಫ್ಟ್ ಸ್ಪೋರ್ಟ್ ಅನ್ನೂ ಗಾಡಿ ಖರೇನ ಐತಿ, 2017ರಾಗ ಜಪಾನಿನಾಗ ಬಂತು, 1.4 ಲೀಟರಿನ ಟರ್ಬೋ ಇಂಜನ್ನು, 140 ಪಿಎಸ್. ನಮ್ಮ ದೇಶದಾಗ ಮಾರಲಿಲ್ಲ. ಅದಕ್ಕ ನಮ್ಮ ಹುಡುಗೂರು ಮನ್ಯಾಗ ಅದನ್ನ ಮಾಡಾಕ ಹೊಂಟಾರ. ಆದ್ರ ಅದನ್ನ ಮಾಡಿದೋರು ಬರೇ ಸದ್ದು ಹೆಚ್ಚ ಮಾಡಿಲ್ಲ, ನಾಕೂ ಗಾಲಿಗೆ ಡಿಸ್ಕ್ ಬ್ರೇಕ್ ಕೊಟ್ಟಾರ. ನಮ್ಮ ಗಾಡಿಗೆ ಹಿಂದ ಡ್ರಮ್ಮು. ಇನ್ನೊಂದ ಕಹಿ ಮಾತ ಹೇಳ್ಲೇಬೇಕು. 2018ರ ಅಕ್ಟೋಬರಿನಾಗ ಗ್ಲೋಬಲ್ ಎನ್‌ಕ್ಯಾಪ್‌ದವರು ಈ ಮಾದರಿ ಗಾಡಿನ ಡಿಕ್ಕಿ ಹೊಡಸಿ ಪರೀಕ್ಷೆ ಮಾಡಿದಾಗ ಐದರಾಗ ಎರಡ ನಕ್ಷತ್ರ ಸಿಕ್ಕಾವು. ಹಗುರ ಗಾಡಿ ಚುರುಕ ಓಡತೈತಿ, ಆದ್ರ ನಿಲ್ಲಸೂದು, ಒಳಗಿನವರನ್ನ ಉಳಸೂದು ಬ್ಯಾರೆ ಮಾತು. ನನ್ನ ಕೈಯಾಗ 40,000 ಇದ್ದ್ರ ನಿಲ್ಲೂದಕ್ಕ ಖರ್ಚ ಮಾಡ್ತೀನಿ, ಓಡೂದಕ್ಕಲ್ಲ.

ಬರೇ ಹುಡುಗೂರಿಗೆ ಬೈದು ಮುಗಿಸಿದ್ರ ಅನ್ಯಾಯ ಆಕ್ಕೈತಿ, ನಾವು ಹೆಣ್ಮಕ್ಕಳೂ ಗಾಡಿ ಬದಲಿ ಮಾಡ್ತೀವಿ. ಹೊಸಾ ಗಾಡಿ ಬಂದ ವಾರದಾಗ ದಪ್ಪನ್ನ ಸೀಟ್ ಕವರು ಹಾಕಸ್ತೀವಿ, ಹೊಲಸ ಆಗಬಾರದಂತ. 2024ರ ಸ್ವಿಫ್ಟಿಗೆ ಆರು ಏರ್‌ಬ್ಯಾಗು ಅದಾವು, ಅದರಾಗ ಎರಡು ಮುಂದಿನ ಸೀಟಿನ ಪಕ್ಕದಿಂದ ಹರಕೊಂಡು ಹೊರಗ ಬರ್ತಾವು. ಸೀಟಿನ ಬಾಜೂಕ ಸಣ್ಣ ಚೀಟಿ ಹೊಲದಿರ್ತಾರ, ನೋಡ್ರಿ. ಅದರ ಮ್ಯಾಲ ಗಟ್ಟಿ ರೆಗ್ಜಿನ್ ಕವರ ಬಿಗದ್ರ ಅದು ಹೆಂಗ ಹೊರಗ ಬರಬೇಕು? ಗಣಪ್ಪನ ಮೂರ್ತಿನೂ ಹಂಗ. ಎಡಗಡಿ ಡ್ಯಾಶಬೋರ್ಡಿನೊಳಗ ಏರ್‌ಬ್ಯಾಗ್ ಇರೂ ಮುಚ್ಚಳದ ಮ್ಯಾಲ ಅಂಟಿಸಿದ್ರ, ಅಪಘಾತದ ಹೊತ್ತಿಗೆ ಆ ಮೂರ್ತಿ ಕಲ್ಲ ಒಗದಂಗ ಮಾರಿಗೆ ಬರತೈತಿ. ದೇವರನ್ನ ಮುಚ್ಚಳ ಬಿಟ್ಟು ನಡುವ ತಗ್ಗಿನಾಗ ಕೂಡ್ರಸ್ರಿ. ಇನ್ನ ಹಿಂದಿನ ಸೀಟಿನ ಬೆಲ್ಟು. ಕವರ ಹಾಕೂವಾಗ ಅದರ ಕೊಂಡಿ ಸೀಟಿನ ಕೆಳಗ ಹುಗದು ಬಿಟ್ಟಿರ್ತಾರ. 2022ರ ಸೆಪ್ಟೆಂಬರಿನಾಗ ಸೈರಸ್ ಮಿಸ್ತ್ರಿ ಅವರು ತೀರಿಕೊಂಡಿದ್ದು ಅಷ್ಟು ದೊಡ್ಡ ಗಾಡಿಯ ಹಿಂದಿನ ಸೀಟಿನಾಗ, ಬೆಲ್ಟ ಹಾಕಿರಲಿಲ್ಲ. ಹಿಂದ ಕುಂತೋರು ಬೆಲ್ಟ ಹಾಕದಿದ್ರ 1,000 ರೂಪಾಯಿ ದಂಡಾನೂ ಐತಿ. ಸೀರಿ ಮುದ್ದಿ ಆಕ್ಕೈತಿ ಅನ್ನೋರಿಗೆ ನಾ ಹೇಳೂದು, ಇಸ್ತ್ರಿ ಮಾಡಿಕೊಡ್ತೀನಿ, ಹಾಕ್ಕೋರಿ.

ನನ್ನ ಪಟ್ಟಿ ಈಗ ಮಗನ ಪಟ್ಟಿ ಬಾಜೂಕ ಫ್ರಿಜ್ಜಿನ ಮ್ಯಾಲ ಐತಿ. ಮೊದಲ ನಾಕ ಹೊಸಾ ಟೈರು, ಬ್ರೇಕ್ ಪ್ಯಾಡು ತಪಾಸಣಿ. ಆಮ್ಯಾಲ ರಿವರ್ಸ್ ಕ್ಯಾಮೆರಾ, ಆ ಸಣ್ಣ ಹಿಂದಿನ ಕಾಚಿನ ಗಾಡಿಗೆ ಇದಕಿಂತ ಛಲೋ ಬದಲಾವಣಿ ಇಲ್ಲ. ಹಳದಿಗಟ್ಟಿದ ಹೆಡ್‌ಲೈಟ್ ಉಜ್ಜಸೂದು, ಕಂಪನಿ ಬಲ್ಬು, ಹೊಸಾ ವೈಪರು, ಕೆಸರ ಸಿಡೀದಂಗ ನಾಕೂ ಗಾಲಿಗೆ ಪಟ್ಟಿ. ಹಿಂದಿನ ಸೀಟಿಗೆ ಅತ್ತಿಯವರ ಹಳೇ ಸೀರಿಯ ಕೌದಿ ಮಡಚಿ ಹಾಸೀನಿ, ಬೆಲ್ಟಿನ ಕೊಂಡಿ ಬಿಟ್ಟು. ಅವರ ಬೆನ್ನು ಈಗ ಬೆಳಗಾವಿತನಕ ಸುಮ್ಮನಿರತೈತಿ. ಉಳದ ರೊಕ್ಕದಾಗ ಮಗಳ ಡ್ರೈವಿಂಗ್ ಸ್ಕೂಲಿನ ಫೀ. ಇದರ ಮ್ಯಾಲ ಮನ್ಯಾಗ ಎರಡ ದಿವಸ ಮಾತ ನಡೀತು. ‘ಆಕಿಗ್ಯಾಕ ಈಗ’ ಅಂದ್ರು ನಮ್ಮನಿಯವರು. ಅತ್ತಿಯವರಿಗೆ ರಾತ್ರಿ ಎದಿ ನೋವು ಬಂದ್ರ ಖಾನಾಪುರ ದವಾಖಾನಿಗೆ ಹೊಡಕೊಂಡು ಹೋಗಾಕ ಮನ್ಯಾಗ ಯಾರಿರ್ತಾರೋ ಅವರ ಕೈಯಾಗ ಬರಬೇಕು ಅಂದೆ. ಅದಕ್ಕ ಅತ್ತಿಯವರೇ “ಕಲೀಲಿ ಬಿಡು” ಅಂದ್ರು, ಮಾತ ಅಲ್ಲಿಗೆ ನಿಂತಿತು.

ಮಗನ ಜೋಡಿ ಒಂದ ರಾಜಿ ಆಗೇತಿ. ರಿಮ್ಮು 14ರ ಬದಲಿ ಮ್ಯಾಲಿನ ಮಾದರಿದು 15 ಇಂಚಿನ ಅಲಾಯ್, ಟೈರು ಕಂಪನಿಯವರು ಹೇಳಿದ್ದ 185/65. ಎರಡೂ ಗಾಲಿಯ ಒಟ್ಟು ಎತ್ತರ ಎರಡ ಮಿಲಿಮೀಟರಿನಷ್ಟ ಫರಕು, ಅದಕ್ಕ ಸ್ಪೀಡ್ ಮೀಟರೂ ಸುಳ್ಳ ಹೇಳಂಗಿಲ್ಲ. ರಿಮ್ಮಿನ ರೊಕ್ಕ ಅವನ ಪಗಾರದಾಗಿಂದ, ಟೈರಿಂದು ನನ್ನ ಭಿಶಿಯಿಂದ. ಸ್ಟಿಕ್ಕರು ಫುಕಟ.

ನಿಮ್ಮ ಗಾಡಿ ಟೈರು ಎಷ್ಟ ಹಳೇದು ಅಂತ ತಿಳಕೋಬೇಕಂದ್ರ ಟೈರಿನ ಬಾಜೂಕ ನಾಕ ಅಂಕಿ ಹುಡುಕ್ರಿ. ಮೊದಲಿನ ಎರಡು ವಾರ, ಕಡಿಯ ಎರಡು ವರ್ಷ. ನಮ್ಮದರ ಮ್ಯಾಲ 3118 ಅಂತೈತಿ, ಅಂದ್ರ 2018ರ 31ನೇ ವಾರದ್ದು. ಅದಕ್ಕ ಶನಿವಾರ ಮುಂಜಾನಿ ಟೈರು ಬದಲಿ ಮಾಡಸಾಕ ಬೆಳಗಾವಿಗೆ ಹೊಂಟೀನಿ. ಯಾರಿಗರ ಬರೂದಿದ್ರ ಶುಕ್ರವಾರ ಸಂಜಿ ಒಳಗ ಹೇಳ್ರಿ, ಹಿಂದ ಎರಡ ಸೀಟು ಖಾಲಿ ಅದಾವು.