ಕುಲಪತಿಯ ಆಯ್ಕೆಯೂ ಘಟ್ಟದ ಮೇಲಿನ ಜನರ ಹಕ್ಕೂ

ವಿಶ್ವವಿದ್ಯಾಲಯವೊಂದಕ್ಕೆ ನೂತನ ಕುಲಪತಿಯ ನೇಮಕವೆಂಬುದು ರಾಜಭವನಕ್ಕೂ ವಿಧಾನಸೌಧಕ್ಕೂ ಸಂಬಂಧಿಸಿದ ವಿಷಯ, ತೋಟ ಗದ್ದೆಗಳ ನಡುವೆ ಬಾಳುವ ನಮಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ಔದಾಸೀನ್ಯ ನಮಗೂ ವಿದ್ಯೆಗೂ ಸಮಾನವಾಗಿ ಹಾನಿಕರವಾದುದು. ನಮ್ಮ ಮಕ್ಕಳು ಓದುವ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. 1985ರಲ್ಲಿ ಸ್ಥಾಪಿತವಾದ ಶಿರಸಿಯ ಅರಣ್ಯ ಮಹಾವಿದ್ಯಾಲಯವು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅದೇ ಊರಿನ ತೋಟಗಾರಿಕಾ ಮಹಾವಿದ್ಯಾಲಯವು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಅಂಗವಾಗಿದೆ. ಮೂವರು ಕುಲಪತಿಗಳ ದೂರದೃಷ್ಟಿಯಾಗಲಿ ಅದರ ಅಭಾವವಾಗಲಿ ಕಾಲಕ್ರಮದಲ್ಲಿ ನಮ್ಮ ಅಂಗಳಕ್ಕೆ ಬಂದೇ ತೀರುತ್ತದೆ.

ಕೊಳೆರೋಗಕ್ಕೆ ತಲೆತಲಾಂತರದಿಂದ ಒಗ್ಗಿಕೊಂಡಿದ್ದ ಅಡಕೆ ಬೆಳೆಗಾರನನ್ನು ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವು ಕಂಗೆಡಿಸಿದೆ. ಸಿದ್ದಾಪುರದ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಜೀವಗಳನ್ನು ಬಲಿತೆಗೆದುಕೊಂಡಿದೆ. ಉಣುಗು, ಮಂಗ, ಜಾನುವಾರು, ಕಾಡು ಇವುಗಳ ಪರಸ್ಪರ ಸಂಬಂಧವನ್ನು ಅರಿಯದೆ ಆ ರೋಗವನ್ನು ಅರಿಯುವುದು ಶಕ್ಯವಲ್ಲ. ತೋಟಕ್ಕೆ ಸೊಪ್ಪು ದರಕುಗಳನ್ನು ಒದಗಿಸುವ ಬೆಟ್ಟ ಭೂಮಿ ಬೋಳಾಗದಂತೆ ಉಳಿಯುವ ಬಗೆ ಯಾವುದೆಂಬುದೂ ಶಾಸ್ತ್ರೀಯ ಪ್ರಶ್ನೆಯೇ. ಯಾವ ಸಂಶೋಧನೆಗೆ ಆದ್ಯತೆ, ಯಾವ ಕಾಲೇಜಿನ ಖಾಲಿ ಹುದ್ದೆಗೆ ಯಾವ ಅಧ್ಯಾಪಕ, ಕೇಂದ್ರದಿಂದ ದೂರವಿರುವ ಪ್ರಯೋಗಶಾಲೆಗೆ ಎಷ್ಟು ಹಣ ಎಂಬೀ ನಿರ್ಣಯಗಳಲ್ಲಿ ಕುಲಪತಿಯ ಮಾತಿಗೆ ಇರುವ ತೂಕವನ್ನು ಬಲ್ಲವರು ಆತನ ಆಯ್ಕೆಯನ್ನು ಪರರ ವ್ಯವಹಾರವೆಂದು ಎಣಿಸಲಾರರು.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಅಧಿನಿಯಮವು ಕರ್ನಾಟಕ ವಿಶ್ವವಿದ್ಯಾಲಯದಂತಹ ವಿಶ್ವವಿದ್ಯಾಲಯಗಳ ಮಟ್ಟಿಗೆ ಈ ಆಯ್ಕೆಗೆ ಒಂದು ಕ್ರಮವನ್ನು ವಿಧಿಸಿದೆ. ಕುಲಾಧಿಪತಿ, ರಾಜ್ಯ ಸರ್ಕಾರ, ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಸಿಂಡಿಕೇಟ್ ಸೂಚಿಸುವ ನಾಲ್ವರ ಶೋಧನಾ ಸಮಿತಿಯು ಮೂವರ ಹೆಸರುಗಳನ್ನು ಮುಂದಿಡಬೇಕು. ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯಗಳನ್ನು ಲಕ್ಷಿಸಿ, ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿಗಳು ಒಬ್ಬರನ್ನು ನೇಮಿಸಬೇಕು. ಕ್ರಮವೇನೋ ಉಚಿತವಾದುದೇ. ಆದರೆ ಆ ಮೂವರು ಯಾವ ಗುಣಕ್ಕಾಗಿ ಆಯ್ಕೆಯಾದರು, ವಿಶ್ವವಿದ್ಯಾಲಯವನ್ನು ಯಾವ ದಿಕ್ಕಿಗೆ ನಡೆಸುವ ಸಂಕಲ್ಪ ಅವರದು ಎಂಬುದು ಪ್ರಜೆಗೆ ತಿಳಿಯುವ ಮಾರ್ಗವೇ ಇಲ್ಲದಿರುವಾಗ, ಜಾತಿಯ ಮತ್ತು ಶಿಫಾರಸಿನ ಪಿಸುಮಾತುಗಳು ಆ ಶೂನ್ಯವನ್ನು ತುಂಬುತ್ತವೆ. ನಿಜವಾದ ಯೋಗ್ಯತೆಯಿಂದ ಬಂದವರ ಮೇಲೂ ಅದೇ ಸಂಶಯದ ನೆರಳು ಬೀಳುತ್ತದೆ.

1949ರಲ್ಲಿ ಮುಂಬಯಿಯಲ್ಲಿ ಜನ್ಮತಾಳಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಗಣಿತಜ್ಞ ಡಿ. ಸಿ. ಪಾವಟೆಯವರು 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದರು. ಗುಡ್ಡದ ಮೇಲೆ ವಿದ್ಯಾನಗರಿಯೊಂದನ್ನು ಕಟ್ಟಲು ಅವರಿಗೆ ಹದಿಮೂರು ವರ್ಷಗಳ ಅವಕಾಶ ದೊರೆಯಿತು. ಇಂದಿನ ಕುಲಪತಿಗೆ ಇರುವುದು ನಾಲ್ಕೇ ವರ್ಷ. ಹೀಗಿರುವಾಗ ಒಬ್ಬರ ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿದ್ದರೂ ಶೋಧನೆ ವಿಳಂಬವಾಗಿ, ಪೀಠವು ಪ್ರಭಾರಿಗಳ ಕೈಯಲ್ಲಿ ಉಳಿಯುವುದು ಅಕ್ಷಮ್ಯ. ಪ್ರಭಾರಿಯಾದವರು ಎಷ್ಟೇ ಸಮರ್ಥರಾಗಿರಲಿ, ದೀರ್ಘಕಾಲದ ನಿರ್ಣಯವನ್ನು ಕೈಗೊಳ್ಳಲು ಸಹಜವಾಗಿಯೇ ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಫಲವನ್ನು ಉಣ್ಣುವವರು ವಿದ್ಯಾರ್ಥಿಗಳು.

ವಿದ್ವಾಂಸರನ್ನು ಪ್ರಶ್ನಿಸುವುದು ಈ ಸೀಮೆಗೆ ಹೊಸತಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯಿಂದ ಕಾಡೂ ತೋಟವೂ ಮುಳುಗುವ ಭೀತಿ ಒದಗಿದಾಗ, ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1981ರಲ್ಲಿ ವಿಜ್ಞಾನಿಗಳನ್ನೂ ಯೋಜನಾತಜ್ಞರನ್ನೂ ಕರೆಸಿ ವಿಚಾರಸಂಕಿರಣವನ್ನೇ ಏರ್ಪಡಿಸಿತು. ಲಾಭನಷ್ಟಗಳ ಲೆಕ್ಕವನ್ನು ಬೆಳೆಗಾರರ ಸಮಕ್ಷಮದಲ್ಲೇ ಪರಿಶೀಲಿಸಲಾಯಿತು. ಮುಂದೆ ಆ ಯೋಜನೆ ನಿಂತಿತು. ಘೋಷಣೆಗಿಂತ ಮೊದಲು ಪ್ರಮಾಣವನ್ನು ಕೇಳಿದ ಆ ಜನರ ಪರಂಪರೆಗೆ ನಾವು ವಾರಸುದಾರರು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಹಿಂದಿನವರ ಅವಧಿ ಮುಗಿಯುವುದಕ್ಕೆ ಆರು ತಿಂಗಳ ಮೊದಲೇ ಶೋಧನಾ ಸಮಿತಿ ರಚಿತವಾಗಲಿ. ಅಂತಿಮ ಪಟ್ಟಿಯ ಮೂವರೂ ತಮ್ಮ ವಿದ್ವತ್ತಿನ ವಿವರವನ್ನೂ ಸಂಕಲ್ಪವನ್ನೂ ಲಿಖಿತವಾಗಿ ಪ್ರಕಟಿಸಲಿ. ವಿಶ್ವವಿದ್ಯಾಲಯದ ವ್ಯಾಪ್ತಿಯ ಅಧ್ಯಾಪಕರ, ವಿದ್ಯಾರ್ಥಿಗಳ, ರೈತರ ಮುಂದೆ ಒಂದು ಬಹಿರಂಗ ಉಪನ್ಯಾಸವನ್ನು ಕೊಟ್ಟು ಪ್ರಶ್ನೆಗಳಿಗೆ ಉತ್ತರಿಸಲಿ. ನೇಮಕದ ಆದೇಶದೊಡನೆ ಅದರ ಕಾರಣವೂ ಪ್ರಕಟವಾಗಲಿ.

ಇದರಿಂದ ಆಯ್ಕೆಯು ಚುನಾವಣೆಯಾಗಿ ಮಾರ್ಪಟ್ಟು ಸಂಕೋಚಸ್ವಭಾವದ ಪಂಡಿತರು ದೂರ ಸರಿಯುವರೆಂಬ ಆಕ್ಷೇಪವುಂಟು. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಇಲ್ಲಿ ಮತದಾನದ ಮಾತಿಲ್ಲ, ನಿರ್ಣಯದ ಅಧಿಕಾರ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ಮೇಲಾಗಿ, ಆಯ್ಕೆಯಾದ ಮೇಲೆ ಸಾವಿರಾರು ಅಧ್ಯಾಪಕ ವಿದ್ಯಾರ್ಥಿಗಳನ್ನು ಎದುರಿಸಲೇಬೇಕಾದವರು ಅದಕ್ಕಿಂತ ಮೊದಲು ಒಂದು ಸಭೆಯನ್ನು ಎದುರಿಸುವುದರಲ್ಲಿ ಅಗೌರವವೇನೂ ಇಲ್ಲ. ಮುಂದಿನ ಶೋಧನಾ ಸಮಿತಿ ಕೂಡುವುದಕ್ಕೆ ಮೊದಲೇ ನಮ್ಮ ಕಾಲೇಜುಗಳೂ ಸಹಕಾರಿ ಸಂಘಗಳೂ ತಮ್ಮ ಪ್ರಶ್ನೆಗಳನ್ನು ಬರೆದು ಕಳುಹಿಸಬೇಕು. ಉತ್ತರವನ್ನು ಪಡೆಯುವವರೆಗೂ ಕೇಳುತ್ತಿರಬೇಕು.