ಹಳೇ ಕಾರಿನ ಬಾಡಿ ಮೆತ್ತಗಾಗುತ್ತದೆಯೇ? ಸ್ಟ್ರಟ್ ಬಾರ್ ಹಾಕಿಸಿದರೆ ಸರಿಹೋಗುತ್ತದೆಯೇ?

‘ಹದಿನೈದು ವರ್ಷ ಓಡಿದ ಕಾರಿನ ಉಕ್ಕು ಮೆತ್ತಗಾಗುತ್ತದೆ. ಬಾನೆಟ್ ಒಳಗೆ ಒಂದು ಸ್ಟ್ರಟ್ ಬಾರ್ ಹಾಕಿಸಿ, ಮತ್ತೆ ಹೊಸದರಂತೆ ಬಿಗಿಯಾಗುತ್ತದೆ.’ ಕಾರುಪ್ರಿಯರ ಗುಂಪುಗಳಲ್ಲಿ ಇಂಥ ಮಾತು ಆಗಾಗ ಓಡಾಡುತ್ತದೆ. ಮೊದಲ ವಾಕ್ಯ ತಪ್ಪು. ಎರಡನೆಯದರಲ್ಲಿ ಸ್ವಲ್ಪ ಮಾತ್ರ ನಿಜವಿದೆ.

ಉಕ್ಕು ಎಷ್ಟು ಬಾಗುತ್ತದೆ ಎಂಬುದನ್ನು ಹೇಳುವ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್. ಕಾರಿಗೆ ವಯಸ್ಸಾಯಿತೆಂದು ಅದು ಕಡಿಮೆಯಾಗುವುದಿಲ್ಲ. ಹಾಗಾದರೆ ಹಳೇ ಕಾರು ತಿರುವಿನಲ್ಲಿ ತೂರಾಡಿದಂತೆ ಅನ್ನಿಸುವುದೇಕೆ? ಹೆಚ್ಚಿನ ಸಲ ಅದು ಬಾಡಿಯ ದೋಷವೇ ಅಲ್ಲ. ಸಸ್ಪೆನ್ಷನ್ ಬುಷ್‌ಗಳ ರಬ್ಬರ್ ಬಿರುಕು ಬಿಟ್ಟಿರುತ್ತದೆ. ನಿಜವಾದ ದೋಷವಿದ್ದರೆ ಅದು ತುಕ್ಕು ತಿಂದು ತೆಳುವಾದ ತಗಡು, ಇಲ್ಲವೇ ಸ್ಪಾಟ್ ವೆಲ್ಡ್‌ಗಳ ಸುತ್ತ ಎದ್ದ ಬಿರುಕು.

ಒಂದು ಖಾಲಿ ಶೂ ಡಬ್ಬ ತೆಗೆದುಕೊಂಡು ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿದರೆ ಜಗ್ಗುವುದಿಲ್ಲ. ರಟ್ಟು ಅದೇ, ಆದರೆ ಈಗ ಅದು ಮುಚ್ಚಿದ ಪೆಟ್ಟಿಗೆ. ಕಾರಿನ ಬಾಡಿಯೂ ಹೀಗೇ. ಬಾಗಿಲ ಕೆಳಗಿನ ಸಿಲ್ ಎಂಬ ಟೊಳ್ಳು ತೊಲೆಗೆ ತುಕ್ಕು ಹಿಡಿದು ತೂತಾದರೆ, ಟೇಪ್ ಕಿತ್ತ ಡಬ್ಬದಂತಾಗುತ್ತದೆ. ಮೇಲ್ಛಾವಣಿಯೇ ಇಲ್ಲದ ಕನ್ವರ್ಟಿಬಲ್‌ಗಳಿಗಂತೂ ಸಿಲ್‌ಗಳೇ ಜೀವ.

2000ನೇ ಇಸವಿಯಲ್ಲಿ ಬಂದ ಬಿಎಂಡಬ್ಲ್ಯು ಇ46 ಎಂ3 ಒಳ್ಳೆಯ ಉದಾಹರಣೆ. 3.2 ಲೀಟರ್ ಎಂಜಿನ್, 343 ಅಶ್ವಶಕ್ತಿ. ಹಿಂದಿನ ಚಕ್ರಗಳನ್ನೂ ಡಿಫರೆನ್ಷಿಯಲ್ ಅನ್ನೂ ಹೊತ್ತ ಸಬ್‌ಫ್ರೇಮ್, ನೆಲದ ತೆಳು ತಗಡಿಗೆ ನಾಲ್ಕು ಕಡೆ ಬೋಲ್ಟ್ ಆಗಿದೆ. ಪ್ರತಿ ಸಲ ವೇಗ ಹೆಚ್ಚಿಸಿದಾಗಲೂ ತಗ್ಗಿಸಿದಾಗಲೂ ಆ ತಗಡು ಹಿಂದೆ ಮುಂದೆ ಜಗ್ಗಿ, ವರ್ಷಗಳಲ್ಲಿ ಸೀಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆ. ಇದಕ್ಕೆ ಸಬ್‌ಫ್ರೇಮ್ ಇಳಿಸಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆದು, ವೆಲ್ಡ್ ಮಾಡಿ, ಮೇಲೆ ದಪ್ಪ ತಗಡು ಕೂರಿಸುತ್ತಾರೆ. ಬುಷ್‌ಗಳನ್ನೂ ಆಗಲೇ ಬದಲಿಸುವುದು ಜಾಣತನ. ಬಾನೆಟ್ ಒಳಗಿನ ಯಾವ ಬಾರ್ ಕೂಡ ಈ ಸೀಳನ್ನು ಮುಟ್ಟುವುದಿಲ್ಲ.

ಸ್ಟ್ರಟ್ ಬಾರ್ ಮುಂದಿನ ಎರಡು ಸ್ಟ್ರಟ್‌ಗಳ ತಲೆ ಪರಸ್ಪರ ವಾಲದಂತೆ ಹಿಡಿಯುತ್ತದೆ, ಅಷ್ಟೇ. ಇಡೀ ಬಾಡಿ ತಿರುಚುವುದಕ್ಕೆ ಅದರಿಂದ ಆಗುವ ತಡೆ ಅಲ್ಪ. ಅದರಲ್ಲೂ ನಡುವೆ ಕೀಲು ಇರುವ ಬಾರ್‌ಗಳು ನಮ್ಮ ಮಟ್ಟಿಗೆ ಅಲಂಕಾರವೇ.

ಬಿಗಿ ಹೆಚ್ಚಿಸಲು ರೋಲ್ ಕೇಜ್ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅದು ರೇಸ್‌ಗೆ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವಾಗ ಡಿಕ್ಕಿಯಾದರೆ ತಲೆ ಬಡಿಯುವುದು ಆ ಉಕ್ಕಿನ ಕೊಳವೆಗೇ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ಹಳೇ ಕಾರು ಕೊಳ್ಳುವವರು ಬಾರ್‌ಗೆ ದುಡ್ಡು ಕೊಡುವ ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ, ಸಿಲ್‌ಗಳನ್ನೂ ಸಬ್‌ಫ್ರೇಮ್ ಬೋಲ್ಟ್‌ಗಳ ಸುತ್ತಲನ್ನೂ ಟಾರ್ಚ್ ಹಾಕಿ ನೋಡಿಸಲಿ. ಹೊಸದಾಗಿ ಬಳಿದ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಅದರ ಕೆಳಗೇನಿದೆ ಎಂದು ಮಾರುವವರನ್ನೇ ಕೇಳಿ.