ಅಪರಿಚಿತ ಬಂದರಿಗೆ ರಾತ್ರಿ ಪ್ರವೇಶ: ಉಬ್ಬರವಿಳಿತ ಹಾಗೂ ಕಡಲ ನಕ್ಷೆಗಳ ಪರಿಶೀಲನೆಯ ಅಗತ್ಯ – ಒಂದು ಅವಲೋಕನ

(ದೋಣಿ ನೋಂದಣಿ ಹಾಗೂ ಮೀನುಗಾರಿಕೆ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

1. ಪೀಠಿಕೆ

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ನಿಷೇಧ ತೆರವಾಗುವ ಆಗಸ್ಟ್ ತಿಂಗಳಲ್ಲಿ ಮುಂಗಾರು ಇನ್ನೂ ಮುಗಿದಿರುವುದಿಲ್ಲ. ನದಿಗಳು ತುಂಬಿ ಹರಿಯುತ್ತಿರುತ್ತವೆ; ಅಳಿವೆಗಳಲ್ಲಿ ಮರಳು ದಿಬ್ಬಗಳು ಸ್ಥಾನ ಬದಲಿಸಿರುತ್ತವೆ. ಮೇ ತಿಂಗಳಿನಲ್ಲಿ ದೋಣಿ ಸಾಗಿದ ಮಾರ್ಗದಲ್ಲಿಯೇ ಆಗಸ್ಟ್‌ನಲ್ಲಿಯೂ ಸಾಕಷ್ಟು ನೀರು ಇರುವುದೆಂದು ಹೇಳಲಾಗದು. ಆದ್ದರಿಂದ ಋತುವಿನ ಆರಂಭದಲ್ಲಿ ಸ್ವಂತ ಊರಿನ ಬಂದರು ಸಹ ಒಂದು ಮಟ್ಟಿಗೆ ಅಪರಿಚಿತ ಬಂದರೇ ಆಗಿರುತ್ತದೆ. ಪರ ಊರಿನ ಬಂದರನ್ನು ರಾತ್ರಿ ವೇಳೆಯಲ್ಲಿ ಪ್ರವೇಶಿಸುವಾಗ ಈ ಅಪಾಯವು ಇಮ್ಮಡಿಯಾಗುತ್ತದೆ.

ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಅನ್ವಯ ನೀಡಲಾಗುವ ಪರವಾನಗಿಯು ಮೀನುಗಾರಿಕೆಗೆ ಅನುಮತಿ ನೀಡುತ್ತದೆ. ಅಳಿವೆಯಲ್ಲಿ ನೀರಿನ ಆಳ ಎಷ್ಟಿದೆ ಎಂಬುದಕ್ಕೆ ಅದು ಖಾತರಿಯಲ್ಲ. ಆ ಪರಿಶೀಲನೆಯ ಹೊಣೆ ದೋಣಿಯ ತಾಂಡೇಲರದು.

2. ಅಪರಿಚಿತ ಬಂದರುಗಳ ಪ್ರಶ್ನೆ ಈಗ ಏಕೆ ಮುಖ್ಯ?

ಆಳಸಮುದ್ರ ಮೀನುಗಾರಿಕೆಯ ದೋಣಿಗಳು ಇಂದು ಹಲವು ದಿನಗಳ ಕಾಲ ಕಡಲಿನಲ್ಲಿದ್ದು, ಗೋವಾ ಹಾಗೂ ಮಹಾರಾಷ್ಟ್ರದ ತೀರದಾಚೆಗೂ ಸಾಗುತ್ತವೆ. ಹವಾಮಾನ ಕೆಟ್ಟಾಗ ಸ್ವಂತ ಬಂದರಿಗೆ ಮರಳಲು ಸಮಯ ಸಾಲದೆ, ಹತ್ತಿರದ ಬಂದರನ್ನು ಆಶ್ರಯಿಸಬೇಕಾಗುತ್ತದೆ. 2017ರ ಓಖಿ ಚಂಡಮಾರುತದ ಸಂದರ್ಭದಲ್ಲಿ ಕೇರಳ ಹಾಗೂ ತಮಿಳುನಾಡಿನ 60ಕ್ಕೂ ಹೆಚ್ಚು ದೋಣಿಗಳು, 900ಕ್ಕೂ ಹೆಚ್ಚು ಮೀನುಗಾರರೊಂದಿಗೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೇವಗಡ ಬಂದರನ್ನು ತಲುಪಿದವು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯಗಳ ಅನೇಕ ದೋಣಿಗಳು ಕಾರವಾರದಲ್ಲಿ ಲಂಗರು ಹಾಕಿದವು.

ಬಿರುಗಾಳಿ ಇಲ್ಲದ ದಿನಗಳಲ್ಲಿಯೂ ರಾತ್ರಿ ಪ್ರವೇಶದ ಒತ್ತಡ ಇದ್ದೇ ಇರುತ್ತದೆ. ಮಂಜುಗಡ್ಡೆ ಕರಗುತ್ತಿರುತ್ತದೆ, ಬೆಳಗಿನ ಹರಾಜಿಗೆ ಮೀನು ತಲುಪದಿದ್ದಲ್ಲಿ ದರ ಇಳಿಯುವ ಆತಂಕವಿರುತ್ತದೆ. ಈ ಲೆಕ್ಕಾಚಾರ ಸಹಜವಾದದ್ದು. ಆದರೆ ಒಂದು ಉಬ್ಬರಕ್ಕಾಗಿ ಕಾಯುವುದರಿಂದ ಆಗುವ ನಷ್ಟವು ಕೆಲವು ಗಂಟೆಗಳದ್ದು. ಅಳಿವೆಯಲ್ಲಿ ದೋಣಿ ಮಗುಚಿದಲ್ಲಿ ಆಗುವ ನಷ್ಟವು ಜೀವಗಳದ್ದು, ಹಾಗೂ ಸಾಲ ಮಾಡಿ ಕಟ್ಟಿಸಿದ ದೋಣಿಯದ್ದು.

3. ಅಳಿವೆ ಬಾಗಿಲಿನ ಸ್ವರೂಪ

ರಾಜ್ಯದ ಅನೇಕ ಮೀನುಗಾರಿಕಾ ಬಂದರುಗಳು ನದೀಮುಖಗಳಲ್ಲಿವೆ. ಮಂಗಳೂರಿನ ಹಳೆ ಬಂದರು ನೇತ್ರಾವತಿ–ಗುರುಪುರ ನದಿಗಳ ಅಳಿವೆಯೊಳಗಿದೆ. ಗಂಗೊಳ್ಳಿ ಪಂಚಗಂಗಾವಳಿಯ, ಹೊನ್ನಾವರ ಶರಾವತಿಯ, ತದಡಿ ಅಘನಾಶಿನಿಯ ಮುಖದಲ್ಲಿವೆ. ನದಿ ತರುವ ಮರಳು ಹಾಗೂ ಅಲೆಗಳು ದಡದುದ್ದಕ್ಕೂ ಸಾಗಿಸುವ ಮರಳು ಅಳಿವೆಯಲ್ಲಿ ಸಂಧಿಸಿ ದಿಬ್ಬಗಳಾಗುತ್ತವೆ. ಅಲೆ ತಡೆಗೋಡೆ ಕಟ್ಟಿದ ಮಾತ್ರಕ್ಕೆ ಈ ಕ್ರಿಯೆ ನಿಲ್ಲುವುದಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ಮುತಲಪೊಳಿ ಬಂದರು ಇದಕ್ಕೆ ನಿದರ್ಶನ. ತಡೆಗೋಡೆಗಳಿದ್ದರೂ ಅದರ ಬಾಯಿಯಲ್ಲಿ ಹಲವು ಮೀನುಗಾರರು ಜೀವ ಕಳೆದುಕೊಂಡಿದ್ದಾರೆ. 2025ರ ಏಪ್ರಿಲ್‌ನಲ್ಲಿ ಆ ಬಂದರಿನ ಬಾಯಿಯೇ ಮರಳಿನಿಂದ ಮುಚ್ಚಿಹೋಗಿ ಹೂಳೆತ್ತಬೇಕಾಯಿತು.

4. ಉಬ್ಬರವಿಳಿತದ ಲೆಕ್ಕ

ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತಗಳು ಉಂಟಾಗುತ್ತವೆ. ಮರುದಿನ ಇವುಗಳ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಒಂದೇ ದಿನದ ಎರಡು ಉಬ್ಬರಗಳು ಸಮ ಎತ್ತರದವಾಗಿರುವುದಿಲ್ಲ. ಆದ್ದರಿಂದ ಹಗಲಿನ ಉಬ್ಬರದಲ್ಲಿ ಸಾಕಷ್ಟಿದ್ದ ನೀರು ರಾತ್ರಿಯ ಉಬ್ಬರದಲ್ಲಿಯೂ ಇರುವುದೆಂದು ಭಾವಿಸತಕ್ಕದ್ದಲ್ಲ.

ಸ್ಥಳದಿಂದ ಸ್ಥಳಕ್ಕೂ ಏರಿಳಿತ ಭಿನ್ನವಾಗಿರುತ್ತದೆ. ಮಂಗಳೂರಿನಲ್ಲಿ ಅದು ಬಹುತೇಕ ಒಂದೂವರೆ ಮೀಟರಿನೊಳಗೆ ಇರುತ್ತದೆ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನಗಳಂದು 4 ಮೀಟರನ್ನು ಮೀರುತ್ತದೆ. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ 10 ಮೀಟರಿನಷ್ಟಾಗುತ್ತದೆ. ಉತ್ತರಕ್ಕೆ ಹೋಗುವ ತಾಂಡೇಲರು ತಮ್ಮ ಊರಿನ ಅಂದಾಜನ್ನು ಅಲ್ಲಿಗೆ ಅನ್ವಯಿಸಿದಲ್ಲಿ ದೋಣಿ ಒಣನೆಲದ ಮೇಲೆ ಕೂರುವ ಸಂಭವವಿದೆ.

ನಕ್ಷೆಯಲ್ಲಿ ಮುದ್ರಿತವಾದ ಆಳವನ್ನು ಅತ್ಯಂತ ಕಡಿಮೆ ಇಳಿತದ ಮಟ್ಟಕ್ಕೆ ಸಮೀಪದ ಒಂದು ಆಧಾರರೇಖೆಯಿಂದ ಅಳೆಯಲಾಗಿರುತ್ತದೆ. ಆ ಆಳಕ್ಕೆ ಆ ಹೊತ್ತಿನ ಉಬ್ಬರದ ಎತ್ತರವನ್ನು ಕೂಡಿಸಿದಾಗ ಒಟ್ಟು ನೀರು ತಿಳಿಯುತ್ತದೆ. ಉದಾಹರಣೆಗೆ:

ನಕ್ಷೆಯ ಆಳ: 1.2 ಮೀ.
ಆ ಹೊತ್ತಿನ ಉಬ್ಬರದ ಎತ್ತರ: 0.9 ಮೀ.
ಒಟ್ಟು ನೀರು: 2.1 ಮೀ.
ದೋಣಿಯ ಮುಳುಗಿರುವ ಭಾಗ: 1.8 ಮೀ.
ತಳದ ಕೆಳಗೆ ಉಳಿಯುವ ನೀರು: 0.3 ಮೀ.

ಕಾಗದದ ಮೇಲೆ ಈ ದೋಣಿ ಒಳಗೆ ಬರಬಹುದು. ಆದರೆ 1 ಮೀಟರ್ ಎತ್ತರದ ಅಲೆ ಇದ್ದಲ್ಲಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ನೀರು ಸುಮಾರು ಅರ್ಧ ಮೀಟರ್ ಇಳಿಯುತ್ತದೆ. ದೋಣಿಯ ತಳ ಮರಳಿಗೆ ಬಡಿಯುತ್ತದೆ. ತಳ ತಾಗಿ ನಿಂತ ದೋಣಿಯನ್ನು ಹಿಂದಿನ ಅಲೆ ಅಡ್ಡ ತಿರುಗಿಸಿದಲ್ಲಿ ಅದು ಮಗುಚುವ ಅಪಾಯವಿದೆ. ಹಿಡುವಳಿ ತುಂಬಿದ ದೋಣಿಯು ಹೊರಟಾಗ ಇದ್ದುದಕ್ಕಿಂತ ಹೆಚ್ಚು ಮುಳುಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

ಉಬ್ಬರವಿಳಿತದ ಪಟ್ಟಿಯು ಚಂದ್ರ–ಸೂರ್ಯರ ಗತಿಯನ್ನು ಆಧರಿಸಿದ ಮುನ್ಸೂಚನೆ. ಗಾಳಿ, ವಾಯುಭಾರ ಕುಸಿತ ಹಾಗೂ ನದಿಯ ನೆರೆ ಅದರಲ್ಲಿ ಸೇರಿರುವುದಿಲ್ಲ. ಮಳೆಗಾಲದಲ್ಲಿ ಇಳಿತದ ಸೆಳೆತ ಬಿರುಸಾಗಿರುತ್ತದೆ. ಹೊರಗೆ ಹರಿಯುವ ನೀರಿಗೆ ಒಳಬರುವ ಅಲೆಗಳು ಎದುರಾದಾಗ ಅಳಿವೆಯಲ್ಲಿ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಈ ಕಾರಣದಿಂದ ನೀರು ಏರುತ್ತಿರುವಾಗ, ಪೂರ್ಣ ಉಬ್ಬರಕ್ಕೆ ಸ್ವಲ್ಪ ಮುಂಚೆ ಪ್ರವೇಶಿಸುವುದು ಕ್ಷೇಮಕರ. ಆಗ ದೋಣಿ ಮರಳಿಗೆ ತಾಗಿದರೂ ಏರುವ ನೀರು ಅದನ್ನು ಎತ್ತುವ ಅವಕಾಶವಿರುತ್ತದೆ.

5. ನಕ್ಷೆ ಹಾಗೂ ದೀಪಗಳು

ಜಿ.ಪಿ.ಎಸ್. ಉಪಕರಣವು ದೋಣಿ ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ತಳದ ಕೆಳಗೆ ಎಷ್ಟು ನೀರಿದೆ ಎಂಬುದನ್ನು ತೋರಿಸುವುದಿಲ್ಲ. ಮೊಬೈಲ್ ದೂರವಾಣಿಯ ಸಾಮಾನ್ಯ ಭೂಪಟಗಳು ಕಡಲ ನಕ್ಷೆಗೆ ಬದಲಿಯಾಗಲಾರವು. ಭಾರತದ ಅಧಿಕೃತ ಕಡಲ ನಕ್ಷೆಗಳನ್ನು ಡೆಹ್ರಾಡೂನ್‌ನಲ್ಲಿರುವ ನೌಕಾಪಡೆಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ನಕ್ಷೆಗಳ ತಿದ್ದುಪಡಿಗಳು ಹದಿನೈದು ದಿನಗಳಿಗೊಮ್ಮೆ ಹೊರಡುವ ‘ನಾವಿಕರಿಗೆ ಸೂಚನೆಗಳು’ ಪ್ರಕಟಣೆಯಲ್ಲಿ ಬರುತ್ತವೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪಾಡಿ ಬಳಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ನೌಕೆಯಂತಹ ಅಡಚಣೆಗಳು ಅದಕ್ಕೂ ಮುಂಚಿನ ನಕ್ಷೆಯಲ್ಲಿ ಕಾಣಲಾರವು. ಹೀಗಾಗಿ ನಕ್ಷೆಯ ಮುದ್ರಣದ ವರ್ಷ ಹಾಗೂ ತಿದ್ದುಪಡಿಯ ದಿನಾಂಕವನ್ನು ಮೊದಲು ನೋಡತಕ್ಕದ್ದು. ಕಾರವಾರದ ಬಳಿಯ ಕದಂಬ ನೌಕಾನೆಲೆಯ ನಿರ್ಬಂಧಿತ ಜಲಪ್ರದೇಶವನ್ನು ಸಹ ಮುಂಚಿತವಾಗಿ ತಿಳಿದಿರಬೇಕು.

ಕಾಪುವಿನಂತಹ ದೀಪಸ್ತಂಭಗಳು ತೀರವನ್ನು ಗುರುತಿಸಲು ನೆರವಾಗುತ್ತವೆ. ಅಳಿವೆಯ ದಾರಿಯನ್ನು ತೋರಿಸುವುದು ಪ್ರವೇಶದ ಬಾಯಿಯಲ್ಲಿರುವ ದೀಪಗಳು ಹಾಗೂ ತೇಲುಗುರುತುಗಳು. ಭಾರತದಲ್ಲಿ ಅನುಸರಿಸಲಾಗುವ ಪದ್ಧತಿಯಂತೆ, ಕಡಲಿನಿಂದ ಬಂದರಿಗೆ ಬರುವಾಗ ಕೆಂಪು ದೀಪ ಎಡಕ್ಕೂ ಹಸಿರು ದೀಪ ಬಲಕ್ಕೂ ಇರಬೇಕು. ಪೇಟೆಯ ಬೆಳಕು ಹಾಗೂ ಹೆದ್ದಾರಿಯ ವಾಹನ ದೀಪಗಳ ನಡುವೆ ಇವುಗಳನ್ನು ಗುರುತಿಸುವುದು ಕಷ್ಟ. ದೀಪ ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎಂಬುದನ್ನು ಎಣಿಸಿ, ನಕ್ಷೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

6. ಪ್ರವೇಶಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಆ ಬಂದರಿನ ಆ ದಿನದ ಉಬ್ಬರವಿಳಿತದ ಸಮಯ ಹಾಗೂ ಎತ್ತರ.
(ಆ) ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯಿಸ್) ನೀಡುವ ಅಲೆಗಳ ಮುನ್ಸೂಚನೆ. ದೂರದ ಸಾಗರದಲ್ಲಿ ಹುಟ್ಟಿದ ದೊಡ್ಡ ಅಲೆಗಳು ಸ್ಥಳೀಯವಾಗಿ ಗಾಳಿ ಇಲ್ಲದಿದ್ದರೂ ತೀರವನ್ನು ತಲುಪುತ್ತವೆ.
(ಇ) ತಿದ್ದುಪಡಿಯಾದ ನಕ್ಷೆ ಹಾಗೂ ಪ್ರವೇಶದ ದೀಪಗಳ ವಿವರ.
(ಈ) ಮರಳು ದಿಬ್ಬದ ಈಗಿನ ಸ್ಥಾನದ ಬಗ್ಗೆ ಆ ಬಂದರಿನ ಮೀನುಗಾರರಿಂದ ಅಥವಾ ಬಂದರು ಕಚೇರಿಯಿಂದ ಪಡೆದ ಮಾಹಿತಿ.
(ಉ) ದೋಣಿಯ ಈಗಿನ ಮುಳುಗಿರುವ ಆಳ, ಆಳಮಾಪಕ ಹಾಗೂ ವಿ.ಎಚ್.ಎಫ್. ಉಪಕರಣಗಳ ಸುಸ್ಥಿತಿ.

ಇವುಗಳಲ್ಲಿ ಒಂದು ಲಭ್ಯವಿಲ್ಲದಿದ್ದರೂ, ಅಥವಾ ಒಂದರ ಮಾಹಿತಿ ಮತ್ತೊಂದಕ್ಕೆ ತಾಳೆಯಾಗದಿದ್ದರೂ, ಅಲೆ ಮುರಿಯುವ ಪ್ರದೇಶದಿಂದ ಸಾಕಷ್ಟು ಹೊರಗೆ ಸುರಕ್ಷಿತ ಆಳದಲ್ಲಿ ಬೆಳಕು ಹರಿಯುವವರೆಗೆ ಕಾಯುವುದು ಸೂಕ್ತ. ಲಂಗರು ಹಾಕಿದಾಗ ನಿಯಮಾನುಸಾರ ದೀಪ ಉರಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸತಕ್ಕದ್ದು. ಚಂಡಮಾರುತದ ಎಚ್ಚರಿಕೆ ಇದ್ದಲ್ಲಿ, ಬಿರುಗಾಳಿ ತಲುಪುವ ಮುನ್ನವೇ, ಹಗಲು ಹೊತ್ತಿನಲ್ಲಿ ಆಶ್ರಯ ಸೇರುವಂತೆ ಪ್ರಯಾಣವನ್ನು ಯೋಜಿಸತಕ್ಕದ್ದು.

7. ಅರ್ಜಿದಾರರ ಗಮನಕ್ಕೆ

13 ಕರಾವಳಿ ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ನೀಡಲಾಯಿತು. ಈ ಉಪಕರಣದ ಮೂಲಕ ಹವಾಮಾನ ಎಚ್ಚರಿಕೆ ಪಡೆಯಲು ಹಾಗೂ ಆಪತ್ತಿನ ಸಂದೇಶ ಕಳುಹಿಸಲು ಸಾಧ್ಯ. ಆದರೆ ಅದು ಆಪತ್ತನ್ನು ತಿಳಿಸುವ ಸಾಧನವೇ ಹೊರತು ಅಳಿವೆಯ ಆಳವನ್ನು ತಿಳಿಸುವ ಸಾಧನವಲ್ಲ.

ನೋಂದಣಿ ಹಾಗೂ ಪರವಾನಗಿಗಾಗಿ ಬರುವ ದೋಣಿ ಮಾಲೀಕರು ಈ ಮಾಹಿತಿಯನ್ನು ತಮ್ಮ ತಾಂಡೇಲರಿಗೂ ಸಿಬ್ಬಂದಿಗೂ ತಲುಪಿಸಬೇಕೆಂದು ಕೋರಲಾಗಿದೆ. ರಾತ್ರಿಯೇ ಬಂದರು ಸೇರಬೇಕೆಂದು ದಡದಿಂದ ಒತ್ತಡ ಹೇರದಿರುವುದು ಮಾಲೀಕರ ಕರ್ತವ್ಯವಾಗಿದೆ. ತುರ್ತು ಸಂದರ್ಭದಲ್ಲಿ ಭಾರತೀಯ ತಟರಕ್ಷಣಾ ಪಡೆಯನ್ನು 1554, ಕರಾವಳಿ ಕಾವಲು ಪೊಲೀಸರನ್ನು 1093 ಸಂಖ್ಯೆಯ ಮೂಲಕ ಅಥವಾ ವಿ.ಎಚ್.ಎಫ್. ಚಾನೆಲ್ 16ರ ಮೂಲಕ ಸಂಪರ್ಕಿಸುವುದು.